ರವಿಚಂದ್ರನಿಗೆ ರಕ್ತ ಜಾಸ್ತಿಯಾದದ್ದು

ಮೈಸೂರಿನ ಶ್ರೀರಾಂಪುರದ ನಮ್ಮ ಬಡಾವಣೆಯಲ್ಲಿ ಯಾರಿಗೆ ಏನು ಜಾಸ್ತಿಯಾದರೂ ಬೀದಿಗೆಲ್ಲ ಗೊತ್ತಾಗುತ್ತದೆ. ಶುಗರ್ ಜಾಸ್ತಿಯಾದವರು ವಾಕಿಂಗ್‌ನಲ್ಲಿ ತಾವೇ ಹೇಳಿಕೊಳ್ಳುತ್ತಾರೆ. ಬಿ.ಪಿ. ಜಾಸ್ತಿಯಾದವರ ಸುದ್ದಿಯನ್ನು ಅವರವರ ಹೆಂಡತಿಯರು ಕಾಂಪೌಂಡಿನ ಮೇಲಿಂದ ದಾಟಿಸುತ್ತಾರೆ. ಆದರೆ ಮನುಷ್ಯನಿಗೆ ರಕ್ತವೇ ಜಾಸ್ತಿಯಾಗಬಹುದು ಅಂತ ಈ ವಯಸ್ಸಿನವರೆಗೂ ನಾನು ಕೇಳಿರಲಿಲ್ಲ. ಜಾಸ್ತಿಯಾದದ್ದು ನನ್ನ ಪಕ್ಕದ ಮನೆಯ ರವಿಚಂದ್ರನಿಗೆ. ಅದನ್ನು ಬೀದಿಯಿಂದ ಮುಚ್ಚಿಡುವ ಕರ್ಮ ಮಾತ್ರ ನನ್ನ ತಲೆಗೆ ಬಿತ್ತು.

ನಾನು ಅಮರೇಶ, ವಿಮೆ ಏಜೆಂಟ್. ಊರವರ ಕಾಯಿಲೆಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ತಿರುಗುವುದೇ ನನ್ನ ಕಸುಬು. ಇನ್ನೊಂದು ಸೇರಿದರೆ ಏನು ಮಹಾ ಅಂದುಕೊಂಡೆ. ನನ್ನ ಬುದ್ಧಿಗಿಷ್ಟು!

ರವಿಚಂದ್ರನಿಗೆ ಹಿನಕಲ್‌ನಲ್ಲಿ ಪೇಂಟ್ ಅಂಗಡಿ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಹಾಗಾಗಿ ಐವತ್ತು ದಾಟಿದ ಮೇಲೂ ನಮ್ಮದು ಹೋಗೋ ಬಾರೋ. ಅವನ ಹೆಂಡತಿ ಚಾಮುಂಡೇಶ್ವರಿ ಮನೆಯಲ್ಲೇ ಚಟ್ನಿಪುಡಿ, ಸಾರಿನಪುಡಿ ಮಾಡಿ ಮಾರುತ್ತಾಳೆ. ಮೊದಮೊದಲು ಬೀದಿಗೆ ಮಾಡುತ್ತಿದ್ದಳು, ಆಮೇಲೆ ಮೈಸೂರಿಗೆಲ್ಲ ಮಾಡಿದಳು, ಈಗ ವಾಟ್ಸಾಪ್ ಎಲ್ಲೆಲ್ಲಿಗೆ ಹೋಗುತ್ತದೋ ಅಲ್ಲಿಗೆಲ್ಲ ಅವಳ ಪುಡಿ ಹೋಗುತ್ತದೆ. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಫೋನು. ಸಂಜೆ ರವಿ ಅಂಗಡಿಯಿಂದ ಬಂದು ಅಡುಗೆಮನೆ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದ. ಅವಳು ತಿರುಗಿ ನೋಡದೆಯೇ, "ಒಂದ್ನಿಮ್ಷ ಇರಿ" ಅನ್ನುತ್ತಿದ್ದಳು. ಆ ಒಂದು ನಿಮಿಷ ಮುಗಿದದ್ದನ್ನು ರವಿ ನೋಡಿದವನಲ್ಲ. ಅಷ್ಟರಲ್ಲಿ ಕಾಲು ಸೋತು, ಹೋಗಿ ಟಿ.ವಿ. ಮುಂದೆ ಕೂತು, ಅಲ್ಲೇ ನಿದ್ದೆ ಹೋಗಿಬಿಡುತ್ತಿದ್ದ.

ಒಂದು ದಿನ ಅಂಗಡಿಯಲ್ಲಿ ಬಣ್ಣದ ಕಾರ್ಡುಗಳ ಮೇಲೆ ತಲೆಯಿಟ್ಟು ಮಲಗಿದ್ದವನನ್ನು ನಾನೇ ಎಬ್ಬಿಸಿದೆ. ಕಣ್ಣುಜ್ಜಿಕೊಂಡು ಹೇಳಿದ:

"ಚಾಮು ಎಲ್ಲೂ ಹೋಗಿಲ್ಲ ಕಣೋ, ಮನೇಲೇ ಅವ್ಳೆ. ಆದ್ರೂ ಅವಳನ್ನ ನೋಡಿ ಬಾಳ ವರ್ಷ ಆದಂಗದೆ."

ಪೇಂಟ್ ಅಂಗಡಿಯವನ ಬಾಯಲ್ಲಿ ಇಂಥ ಮಾತು ಬಂದರೆ ಅದು ಕಾಯಿಲೆಯೇ ಸರಿ ಅಂತ ತೀರ್ಮಾನಿಸಿ ಅವನನ್ನು ಡಾಕ್ಟರ್ ಯೋಗೇಂದ್ರರ ಹತ್ತಿರ ಎಳೆದುಕೊಂಡು ಹೋದೆ. ಅವರು ಬೆಳಿಗ್ಗೆ ಬೆಳಿಗ್ಗೆ ರಕ್ತ ತೆಗೆಸಿದರು, ನಂಬಿಕೆ ಬರದೆ ಇನ್ನೊಂದು ಸಲ ತೆಗೆಸಿದರು. ಕೊನೆಗೆ, "ಗಂಡಸರ ಹಾರ್ಮೋನು, ಟೆಸ್ಟೋಸ್ಟಿರಾನ್, ನಿಮಗೆ ತೀರಾ ಕಮ್ಮಿ ಇದೆ. ಸುಸ್ತು, ಬೇಜಾರು, ನಿದ್ದೆ ಎಲ್ಲ ಅದರಿಂದಾನೇ. ಇಂಜೆಕ್ಷನ್ ಕೊಡೋಣ" ಅಂದರು.

ರವಿ ಎದ್ದು ಹೋಗಿ ಬಾಗಿಲು ಹಾಕಿದೆಯಾ ಅಂತ ನೋಡಿಕೊಂಡು ಬಂದು ಕೂತ. ಹೊರಗೆ ಬಂದವನೇ ನನ್ನ ಕೈ ಹಿಡಿದುಕೊಂಡ.

"ಅಮರೇಶ, ನಂಜುಂಡೇಶ್ವರನ ಮೇಲೆ ಆಣೆ ಮಾಡು. ಯಾರ್ಗೂ ಹೇಳಲ್ಲ ಅಂತ. ಚಾಮೂಗಂತೂ ಹೇಳ್ಲೇಬಾರ್ದು."

"ಕಾಯಿಲೆ ಕಣೋ ಇದು. ಇದ್ರಲ್ಲಿ ನಾಚ್ಕೆ ಏನು?"

"ನಿಂಗೇನಪ್ಪ, ಎಲ್ಲಾ ಸರಿಯಾಗದೆ. ನನ್ ಗಂಡ ಇಂಥ ಇಂಜೆಕ್ಷನ್ ತಗೋತಾನೆ ಅಂದ್ರೆ ಅವ್ಳು ಏನಂದ್ಕೊತಾಳೆ? ಅವಳ ಮುಂದೆ ನಾನು ಇನ್ನೂ ಚಿಕ್ಕವನಾಗ್ಬುಡ್ತೀನಿ."

ಆಣೆ ಮಾಡಿದೆ. ಮನೆಯಲ್ಲಿ ಅದು ಬಿ-ಟ್ವೆಲ್ವ್ ಇಂಜೆಕ್ಷನ್ ಎಂದಾಯಿತು. ಕೆಲವೇ ತಿಂಗಳಲ್ಲಿ ರವಿ ಬೇರೆ ಮನುಷ್ಯ. ಇಪ್ಪತ್ತು ಲೀಟರಿನ ಪೇಂಟ್ ಬಕೆಟ್ಟುಗಳನ್ನು ತಾನೇ ಎತ್ತಿ ಇಳಿಸುತ್ತಿದ್ದ, ಸ್ಕೂಟರ್ ಒರೆಸುವಾಗ ಸಿಳ್ಳೆ ಹಾಕುತ್ತಿದ್ದ. ಸಂಜೆ ಅಡುಗೆಮನೆ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದವನು ಈಗ ನೆಟ್ಟಗೆ ನಿಲ್ಲತೊಡಗಿದ. ಆದರೆ ನೆಟ್ಟಗೆ ನಿಂತವನಿಗೂ ಅವಳು ಹೇಳಿದ್ದು "ಒಂದ್ನಿಮ್ಷ ಇರಿ" ಅಂತಲೇ. ಎಷ್ಟು ಹೊತ್ತಾದರೂ ನಿಲ್ಲುವ ತಾಕತ್ತು ಬಂದದ್ದೊಂದೇ ಅವನಿಗಾದ ಲಾಭ.

ಇದರ ಜೊತೆಗೆ ಅವನ ಮುಖ ಕೆಂಪಗಾಗತೊಡಗಿತು. ಬೀದಿಯವರಿಗೆಲ್ಲ ಸಂತೋಷವೋ ಸಂತೋಷ. "ಏನ್ ಕಳೆ ಬಂದದೆ ರವಿ ನಿಂಗೆ!" ಅಂತ ನಮ್ಮಮ್ಮ ಬಸಮ್ಮ ದೃಷ್ಟಿ ತೆಗೆಯಲು ಉಪ್ಪು ಹಿಡಿದುಕೊಂಡೇ ಹೋದಳು. ತಲೆ ಭಾರ ಅಂತ ಅವನು ನನ್ನೊಬ್ಬನ ಹತ್ತಿರವೇ ಹೇಳಿದ್ದು. ಡಾಕ್ಟರು ಮತ್ತೆ ರಕ್ತ ನೋಡಿ ಕನ್ನಡಕ ತೆಗೆದಿಟ್ಟರು.

"ರಕ್ತದಲ್ಲಿ ಕೆಂಪುಕಣದ ಪಾಲು ನೂರಕ್ಕೆ ಐವತ್ನಾಲ್ಕು ದಾಟಬಾರದು ರವಿಚಂದ್ರ. ನಿಮ್ದು ಐವತ್ತಾರು. ಈ ಇಂಜೆಕ್ಷನ್ ತಗೊಳ್ಳೋ ಕೆಲವರಿಗೆ ಹೀಗಾಗುತ್ತೆ. ರಕ್ತ ಗಟ್ಟಿಯಾಗಿದೆ."

"ತಿನ್ನರ್ ಹಾಕ್ದೇ ಇರೋ ಪೇಂಟ್ ತರ ಸಾರ್?"

"ಹಾಗೇ ಅಂದ್ಕೊಳ್ಳಿ. ಎಲ್ಲಾದ್ರೂ ಹೆಪ್ಪುಗಟ್ಟಿದ್ರೆ ಲಕ್ವ ಹೊಡೀಬಹುದು, ಹಾರ್ಟಿಗೂ ತೊಂದ್ರೆ. ಸದ್ಯಕ್ಕೆ ಇಂಜೆಕ್ಷನ್ ಬೇಡ. ಬ್ಲಡ್ ಬ್ಯಾಂಕಿಗೆ ಬರ್ದು ಕೊಡ್ತೀನಿ, ಒಂದು ಬ್ಯಾಗ್ ರಕ್ತ ತೆಗೆಸಿ. ಕೆಳಗಿಳಿದ ಮೇಲೆ ಕಮ್ಮಿ ಡೋಸಲ್ಲಿ ಶುರು ಮಾಡೋಣ. ಮತ್ತೆ ನೋಡಿ, ರಕ್ತ ಹೆಚ್ಚೋ ಟಾನಿಕ್ಕು, ಲಿವರ್ರು ಗಿವರ್ರು ಮುಟ್ಟಬೇಡಿ."

ಇಬ್ಬರೂ ತಲೆಯಾಡಿಸಿದೆವು. ರಕ್ತ ತೆಗೆಸಿಕೊಂಡು, ತೋಳಿಗೆ ಹತ್ತಿ ಪ್ಲಾಸ್ಟರ್ ಅಂಟಿಸಿಕೊಂಡು ಮನೆ ಮುಂದೆ ಇಳಿದೆವು. ಗೇಟಿನಲ್ಲಿ ನಮ್ಮಮ್ಮ ನಿಂತಿದ್ದಳು. ಅವಳಿಗೆ ಎಂಬತ್ತಾಗಿದ್ದರೂ ಬೇರೆಯವರ ಮೈಮೇಲಿನ ಪ್ಲಾಸ್ಟರ್ ಅರ್ಧ ಮೈಲಿಯಿಂದ ಕಾಣುತ್ತದೆ.

"ಇದೇನ್ ಮಗ ಕೈಗೆ?"

ಬಿದ್ದೆ, ತರಚಿತು, ಲಸಿಕೆ ಹಾಕಿಸಿಕೊಂಡೆ, ಏನು ಬೇಕಾದರೂ ಹೇಳಬಹುದಿತ್ತು. ಈ ಪುಣ್ಯಾತ್ಮ ನನ್ನ ಮುಖ ನೋಡಿ, ಆಕಾಶ ನೋಡಿ, "ರಕ್ತ ಕೊಟ್ಬಂದೆ ಕಣಮ್ಮ" ಅಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ ಅನ್ನುವುದೇ ನನ್ನ ಸಂಕಟ.

"ಅಯ್ಯೋ ನನ್ನಪ್ಪ! ಯಾರ್ ಜೀವ ಉಳಿಸ್ದೆ? ಚಾಮುಂಡೀ, ಬಾರೇ ಇಲ್ಲಿ! ನಿನ್ ಗಂಡ ರಕ್ತ ಕೊಟ್ಬಂದವ್ನೆ, ನೋಡು ಮುಖ ಎಂಗ್ ಬಿಳುಚ್ಕೊಂಡದೆ!"

ಬಿಳಿಚಿಕೊಂಡ ಆ ಮುಖ ಹಣ್ಣು ಟೊಮೇಟೊ ಥರ ಇತ್ತು. ಚಾಮುಂಡೇಶ್ವರಿ ಸೌಟು ಹಿಡಿದುಕೊಂಡೇ ಓಡಿ ಬಂದಳು. ಗಂಡನ ತೋಳು ನೋಡಿದಳು, ಮುಖ ನೋಡಿದಳು. ಅವನ ಮುಂಗೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಹೋಗುವಾಗ ರವಿ ಹಿಂದಿರುಗಿ ನನ್ನ ಕಡೆ ನೋಡಿದ. ಲಾಟರಿ ಹೊಡೆದವರ ಮುಖದಲ್ಲೂ ಅಂಥ ಗಾಬರಿ ನಾನು ಕಂಡಿಲ್ಲ.

ಮಾರನೆಯ ದಿನ ಅಂಗಡಿಯಲ್ಲಿ ಗಿರಾಕಿಯನ್ನು ಬಿಟ್ಟು ನನ್ನನ್ನು ಗೋಡೌನಿಗೆ ಎಳೆದುಕೊಂಡು ಹೋದ.

"ಫೋನು ಮಗುಚಿ ಇಟ್ಬುಟ್ಳು ಕಣೋ!"

"ಯಾರೋ?"

"ಚಾಮು ಕಣೋ. ಒಲೆ ಪಕ್ಕ ಸ್ಟೂಲ್ ಹಾಕಿ ಕೂರ್ಸಿದ್ಳು. ಲಿವರ್ ಫ್ರೈ ಮಾಡ್ಕೊಟ್ಟು, ಎದುರ್ಗೆ ಕೂತ್ಕೊಂಡು, ಕೆನ್ನೆ ಮೇಲೆ ಕೈ ಇಟ್ಕೊಂಡು ನಾನ್ ತಿನ್ನೋದನ್ನೇ ನೋಡ್ತಿದ್ಳು. ನಿಮ್ಮ ಕೂದ್ಲು ಎಷ್ಟೊಂದು ಬೆಳ್ಳಗಾಗೋಗದೆ ಅಂದ್ಳು. ಇವಾಗ ನೋಡಿದ್ಳು ಅನ್ಸುತ್ತೆ."

"ಲಿವರ್ರಾ! ಡಾಕ್ಟ್ರು ಏನ್ ಹೇಳಿದ್ರೋ ಮುಂಡೇದೇ?"

"ಒಂದಿನ ಕಣೋ," ಅಂತ ನನ್ನ ಗಲ್ಲ ಹಿಡಿದುಕೊಂಡ. "ಒಂದೇ ಒಂದಿನ."

ಆ ಒಂದು ದಿನ ಮುಗಿಯಲೇ ಇಲ್ಲ. ಲಿವರ್ ಆದ ಮೇಲೆ ಕಾಲು ಸೂಪು ಬಂತು, ನುಗ್ಗೆಸೊಪ್ಪಿನ ಪಲ್ಯ ಬಂತು, ಮಂಡಿ ಮೊಹಲ್ಲಾದ ಸಗಟು ಅಂಗಡಿಯಿಂದ ಖರ್ಜೂರ ಬಂತು. ನಾವು ಲಿಂಗಾಯತರು, ಮಾಂಸದ ವಾಸನೆಗೆ ನಮ್ಮಮ್ಮ ಕಿಟಕಿ ಹಾಕುತ್ತಾಳೆ. ಅಂಥವಳು ಮೂಗಿಗೆ ಸೆರಗು ಮುಚ್ಚಿಕೊಂಡು ದಿನಾ ಬೆಳಿಗ್ಗೆ ಅವರ ಮನೆಗೆ ಬೀಟ್‌ರೂಟ್ ಜ್ಯೂಸ್ ಹೊತ್ತಳು. ರವಿ ಎಲ್ಲವನ್ನೂ ಒಲೆ ಪಕ್ಕದ ಸ್ಟೂಲಿನ ಮೇಲೆ ಕೂತು ತಿಂದ, ಕುಡಿದ. ಎದುರಿಗೆ ಅವಳಿದ್ದಳು. ಅವಳು ಅವತ್ತಿನ ಆರ್ಡರುಗಳ ಕಥೆ ಹೇಳುತ್ತಿದ್ದಳಂತೆ, ಇವನು ಗಿರಾಕಿಗಳ ಕಥೆ ಹೇಳುತ್ತಿದ್ದನಂತೆ. ಇವನ ಕಥೆಗೆ ಅವಳು ನಕ್ಕಳು ಅನ್ನುವುದನ್ನು ನನಗೆ ಮೂರು ದಿನ ಹೇಳಿದ.

"ಸತ್ತೋಗ್ತೀಯ ಕಣೋ," ಅಂತ ನಾನು ಬೈದೆ.

"ಗೊತ್ತು ಕಣೋ. ಆದ್ರೆ ಬೇಡ ಅಂದ್ರೆ ಎದ್ದೋಗ್ಬುಡ್ತಾಳೆ. ಮತ್ತೆ ಬಾಗ್ಲಲ್ಲಿ ನಿಂತ್ಕೊಳ್ಳಕ್ಕೆ ನಂಗಾಗಲ್ಲ."

ಇಂಥ ಅಪಾಯಕ್ಕೆ ಯಾವ ವಿಮೆಯೂ ಇಲ್ಲ.

ಮುಂದಿನ ಪರೀಕ್ಷೆಗೆ ಹೋದಾಗ ಡಾಕ್ಟರು ಯೋಚನೆಗೆ ಬಿದ್ದರು. ಇಂಜೆಕ್ಷನ್ ನಿಲ್ಲಿಸಿದೆ, ರಕ್ತ ತೆಗೆಸಿದೆ, ಆದರೂ ಇಳಿಯುತ್ತಿಲ್ಲ. "ಏನಾದ್ರೂ ವಿಶೇಷವಾಗಿ ತಿಂತಾ ಇದ್ದೀರಾ?"

"ಇಲ್ಲ ಸಾರ್. ಅನ್ನ, ಸಾರು."

ನಾನು ಅವನ ಕಾಲು ತುಳಿದೆ. ಅವನು ಕಾಲು ಹಿಂದಕ್ಕೆ ಎಳೆದುಕೊಂಡ. ಮತ್ತೊಂದು ಬ್ಯಾಗ್ ರಕ್ತ, ಮತ್ತೊಂದು ಪ್ಲಾಸ್ಟರ್. ಈ ಸಲ ಗೇಟಿನಲ್ಲಿ ನಮ್ಮಮ್ಮನ ಜೊತೆ ಬಡಾವಣೆ ಸಂಘದ ಅಧ್ಯಕ್ಷರಾದ ಸದಾಶಿವಯ್ಯನವರೂ ನಿಂತಿದ್ದರು.

"ಮತ್ತೆ ಕೊಟ್ರಾ!" ಸದಾಶಿವಯ್ಯನವರ ಕಣ್ಣಲ್ಲಿ ನೀರಾಡಿತು. ಅವರ ನೀರು ಬರೀ ಭಕ್ತಿಯದ್ದಲ್ಲ. ರಾಜ್ಯೋತ್ಸವ ಹತ್ತಿರ ಬಂದಿತ್ತು, ಸನ್ಮಾನಕ್ಕೆ ತಕ್ಕ ಮನುಷ್ಯ ಬಡಾವಣೆಯಲ್ಲಿ ಯಾರೂ ಉಳಿದಿರಲಿಲ್ಲ. ಹಿಂದಿನ ವರ್ಷ ಮನೆ ಮುಂದೆ ಗುಂಡಿ ಮುಚ್ಚಿಸಿದವರಿಗೆ ಮಾಡಿದ್ದರು. "ರವಿಚಂದ್ರ ಅವ್ರೇ, ಈ ಸಲ ಪೇಟ ನಿಮಗೇ. ಜೊತೆಗೆ ರಕ್ತದಾನ ಶಿಬಿರಾನೂ ಇಟ್ಬುಡೋಣ. ಬೇಡ ಅನ್ಬಾರ್ದು."

ರವಿ ಬೇಡ ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ಒಳಗಿನಿಂದ ಚಾಮುಂಡೇಶ್ವರಿ ಬಂದು ಅವನ ಪಕ್ಕ ನಿಂತು, "ನಮ್ಮೋರು ಇಂಥದ್ರಲ್ಲೆಲ್ಲ ಹೇಳ್ಕೊಳ್ಳೋರಲ್ಲ" ಅಂದಳು. ನಮ್ಮೋರು ಅಂದದ್ದು ಕೇಳಿ ಅವನ ಬಾಯಿ ಮುಚ್ಚಿಕೊಂಡಿತು.

ಪಾರ್ಕಿನಲ್ಲಿ ಶಾಮಿಯಾನ, ಕೆಂಪು-ಹಳದಿ ಬಾವುಟ, ಮೈಕು. ರವಿಯ ತಲೆಗೆ ಜರಿಯ ಮೈಸೂರು ಪೇಟ, ಹೆಗಲಿಗೆ ಶಾಲು, ಮಡಿಲಿಗೆ ಹಣ್ಣಿನ ಬುಟ್ಟಿ. ಬುಟ್ಟಿಯ ತುಂಬ ದಾಳಿಂಬೆ, ರಕ್ತಕ್ಕೆ ಒಳ್ಳೆಯದೆಂದು ಸದಾಶಿವಯ್ಯನವರೇ ಆರಿಸಿ ತಂದದ್ದು. ಪೇಟದ ಕೆಳಗೆ ಅವನ ಮುಖ ಇನ್ನಷ್ಟು ಕೆಂಪಗಾಗಿ, ವೇದಿಕೆಯ ಮೇಲೆ ದೀಪ ಬೇರೆ ಬೇಕಿರಲಿಲ್ಲ. "ಬಡಾವಣೆಯ ನಾಡಿಯಲ್ಲಿ ಹರಿಯುತ್ತಿರುವುದು ಇವರ ರಕ್ತ!" ಅಂತ ಸದಾಶಿವಯ್ಯನವರು ಘೋಷಿಸಿದರು. ಇದು ನಿಜವಾಗಿದ್ದರೆ ಬಡಾವಣೆಗೆಲ್ಲ ಲಕ್ವ ಹೊಡೆಯಬೇಕಿತ್ತು. ಅವನಿಂದ ತೆಗೆದ ರಕ್ತವನ್ನು ಯಾರಿಗೂ ಕೊಡದೆ ಬಿಸಾಡಿದ್ದರು ಅಂತ ಗೊತ್ತಿದ್ದವನು ಆ ಶಾಮಿಯಾನದಡಿ ನಾನೊಬ್ಬನೇ.

"ಶಿಬಿರದ ಮೊದಲನೇ ಬಾಟ್ಲಿ ನಮ್ಮ ರವಿಚಂದ್ರ ಅವರದ್ದೇ!"

ಚಪ್ಪಾಳೆ. ಪೇಟದ ಸಮೇತ ಅವನನ್ನು ಟೇಬಲ್ಲಿನ ಮುಂದೆ ಕೂರಿಸಿದರು. ಶಿಬಿರದ ಹುಡುಗಿ ಅನು ಅವನ ಬೆರಳು ಚುಚ್ಚಿ ಮೀಟರ್ ನೋಡಿದಳು. ಇನ್ನೊಂದು ಬೆರಳು ಚುಚ್ಚಿ ಮತ್ತೆ ನೋಡಿದಳು. "ಇಲ್ಲ ಸಾರ್. ನಿಮ್ಮಿಂದ ತಗೊಳ್ಳಕ್ಕಾಗಲ್ಲ. ಬೇಗ ಡಾಕ್ಟ್ರಿಗೆ ತೋರಿಸ್ಕೊಳ್ಳಿ."

ಚಪ್ಪಾಳೆ ನಿಂತಿತು. ರಕ್ತ ಕೊಡಲು ಹೋದವನನ್ನು ವಾಪಸ್ ಕಳಿಸಿದರೆ ಅದು ರಕ್ತ ಕಮ್ಮಿಯಾಗಿದ್ದಕ್ಕೇ ಅಂತ ನಮ್ಮ ಜನಕ್ಕೆ ಹುಟ್ಟಿನಿಂದ ಗೊತ್ತು. ಜಾಸ್ತಿಯಾಗಿ ವಾಪಸ್ ಬಂದವನನ್ನು ಯಾರಾದರೂ ಕಂಡಿದ್ದಾರೆಯೇ? ನಮ್ಮಮ್ಮ "ಅಯ್ಯೋ ಶಿವನೇ, ಒಂದ್ ತೊಟ್ಟೂ ಉಳಿಸ್ಕೊಂಡಿಲ್ವಲ್ಲೋ" ಅಂತ ಎದೆ ಹಿಡಿದುಕೊಂಡಳು. ಸದಾಶಿವಯ್ಯನವರು ಮೈಕ್ ಎತ್ತಿಕೊಂಡರು. "ಇದ್ದದ್ದನ್ನೆಲ್ಲ ನಮಗೆ ಕೊಟ್ಟು ಖಾಲಿಯಾದ ಜೀವ! ಇವರಿಗೆ ರಕ್ತ ತುಂಬಿಸೋದು ಇನ್ನು ನಮ್ಮೆಲ್ಲರ ಹೊಣೆ!"

ಈ ಗಲಾಟೆಯಲ್ಲಿ ಚಾಮುಂಡೇಶ್ವರಿ ಅನುವಿನ ಪಕ್ಕ ಹೋಗಿ ಮೆಲ್ಲಗೆ ಏನೋ ಕೇಳಿದಳು. ಹುಡುಗಿ ಏನೋ ಹೇಳಿದಳು. ಅವಳು ವಾಪಸ್ ಬಂದು ಗಂಡನ ತಲೆಯಿಂದ ಪೇಟ ಇಳಿಸಿ, ಹಣೆಯ ಬೆವರನ್ನು ಸೆರಗಿನಿಂದ ಒರೆಸಿದಳು. ರವಿ ಊರೆಲ್ಲ ನೋಡುತ್ತಿರುವಾಗಲೇ ಕಣ್ಣು ಮುಚ್ಚಿಕೊಂಡ. ನನಗೆ ಬೈಯಲೂ ಮನಸ್ಸಾಗಲಿಲ್ಲ.

ಅವತ್ತಿನಿಂದ ಬೀದಿಯ ಎಲ್ಲ ಮನೆಗಳಿಂದ ಡಬ್ಬಿಗಳು ಬಂದವು. ರಾಗಿ ಅಂಬಲಿ, ಎಳ್ಳಿನುಂಡೆ, ಬೆಲ್ಲದ ಪಾನಕ, ಯಾರದೋ ಮನೆಯ ಬಾಣಂತಿ ಲೇಹ್ಯ. ಸದಾಶಿವಯ್ಯನವರು ಕಬ್ಬಿಣದ ಟಾನಿಕ್ಕಿನ ಬಾಟ್ಲಿಗೆ ರಿಬ್ಬನ್ ಕಟ್ಟಿಸಿ ಕಳಿಸಿದರು. ಚಾಮುಂಡೇಶ್ವರಿಯ ಒಲೆಯ ಮೇಲೆ ಸೂಪಿನ ಪಾತ್ರೆ ಇಳಿಯಲೇ ಇಲ್ಲ.

ಒಂದು ಭಾನುವಾರ ಮಧ್ಯಾಹ್ನ ನಮ್ಮಮ್ಮನ ಜ್ಯೂಸ್ ಹಿಡಿದುಕೊಂಡು ನಾನೇ ಹೋದೆ. ರವಿ ಸ್ಟೂಲಿನ ಮೇಲೆ ಕೂತಿದ್ದ, ಅವಳು ಎದುರಿಗಿದ್ದಳು. ಇವನು ಯಾವುದೋ ಗಿರಾಕಿ ಗುಲಾಬಿ ಬಣ್ಣ ಕೇಳಿ ಮನೆಗೆ ಬಳಿದ ಮೇಲೆ ಅತ್ತ ಕಥೆ ಹೇಳುತ್ತಿದ್ದ. ನಡುವೆ ಮಾತು ನಿಂತಿತು. ಕೈಯಲ್ಲಿದ್ದ ತುತ್ತು ಜಾರಿ ತಟ್ಟೆಗೆ ಬಿತ್ತು. ಇನ್ನೊಮ್ಮೆ ಎತ್ತಲು ನೋಡಿದ, ಕೈ ಏಳಲಿಲ್ಲ. "ಚಾ... ಚಾ..." ಅಂದ. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು.

ನಂಜುಂಡೇಶ್ವರ ಏನು ಬೇಕಾದರೂ ಶಿಕ್ಷೆ ಕೊಡಲಿ ಅಂತ ನಾನು ಅರಚಿದೆ: "ಅವನಿಗೆ ರಕ್ತ ಕಮ್ಮಿ ಇಲ್ಲ ಕಣಮ್ಮ, ಜಾಸ್ತಿ! ಜಾಸ್ತಿಯಾಗಿದ್ದಕ್ಕೇ ತೆಗೆಸ್ತಾ ಇದ್ದದ್ದು! ದಾನ ಅಲ್ಲ ಅದು! ಲಿವರ್ ತಿನ್ನಬಾರ್ದು ಅಂತ ಹೇಳಿದ್ರು ಡಾಕ್ಟ್ರು!" ನನ್ನ ಕಾರು ತೆಗೆದು ಆಸ್ಪತ್ರೆ ಮುಟ್ಟುವವರೆಗೂ ಇಂಜೆಕ್ಷನ್ನಿನಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ. ಹಿಂದಿನ ಸೀಟಿನಲ್ಲಿ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅವಳು ಅವನ ಏಳದ ಕೈಯನ್ನೇ ತಿಕ್ಕುತ್ತಿದ್ದಳು.

ದೇವರು ದೊಡ್ಡವನು. ಆಸ್ಪತ್ರೆ ಬಾಗಿಲು ದಾಟುವಷ್ಟರಲ್ಲಿ ಕೈ ಆಡಿತು, ಮಾತು ಮರಳಿತು. ಸ್ಕ್ಯಾನ್ ಮಾಡಿದರು, ರಕ್ತ ತೆಗೆದರು, ಡ್ರಿಪ್ ಹಾಕಿದರು. ಸಂಜೆ ಡಾಕ್ಟರ್ ಯೋಗೇಂದ್ರರು ಮಂಚದ ಪಕ್ಕ ನಿಂತು, "ಈ ಸಲ ಎಚ್ಚರಿಕೆ ಕೊಟ್ಟು ಹೋಗಿದೆ. ಮುಂದಿನ ಸಲ ಹೋಗಲ್ಲ. ಲಿವರ್ ಬೇಡ ಅಂತ ಹೇಳಿದ್ದೆನಲ್ರೀ? ಯಾಕ್ ತಿಂದ್ರಿ?" ಅಂತ ರೇಗಿದರು.

"ಇವ್ಳು ಕೊಡ್ತಿದ್ಳು ಸಾರ್," ಅಂದ ರವಿ ಮಕ್ಕಳ ಹಾಗೆ.

"ಬೇಡ ಅನ್ನಬೇಕಿತ್ತು."

"ಅಂದ್ರೆ ಎದ್ದೋಗ್ಬುಡ್ತಾಳೆ ಸಾರ್. ರಕ್ತ ಕೊಟ್ಟಿದ್ದಕ್ಕೆ ಪಕ್ಕದಲ್ಲಿ ಕೂತ್ಕೊಂಡಿದ್ಳು. ಕೊಟ್ಟಿಲ್ಲ ಅಂತ ಎಂಗೇಳ್ಲಿ?"

ಡಾಕ್ಟರಿಗೆ ಅರ್ಥವಾಗದೆ ನನ್ನ ಕಡೆ ನೋಡಿದರು. ನಾನು ಗೋಡೆ ನೋಡಿದೆ. ಚಾಮುಂಡೇಶ್ವರಿ ಎದ್ದು ನಿಂತಳು. ಈಗ ಇವನಿಗೆ ಪೂಜೆ ಗ್ಯಾರಂಟಿ ಅಂದುಕೊಂಡೆ.

"ನಂಗೊತ್ತಿತ್ತು," ಅಂದಳು.

"ಏನ್ ಗೊತ್ತಿತ್ತಮ್ಮ?" ಅಂದೆ ನಾನು.

"ಶಿಬಿರದಲ್ಲಿ ಆ ಹುಡ್ಗೀನ ಕೇಳ್ದೆ ಅಮರೇಶಣ್ಣ. ಹಿಮೋಗ್ಲೋಬಿನ್ ಹದ್ನೆಂಟರ ಮೇಲದೆ, ಬಾಳ ಜಾಸ್ತಿ ಅಂದ್ಳು. ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ, ಚೆನ್ನಾಗಿ ಪಾಸಾದಂಗೆ ಅಂದ್ಕೊಂಡೆ. ಜಾಸ್ತಿಯಾದ್ರೆ ಲಕ್ವ ಹೊಡೀತದೆ ಅಂತ ನಂಗೆ ಯಾರ್ ಹೇಳಿದ್ರು? ಆದ್ರೆ ಇವ್ರಿಗೆ ಇನ್ಮೇಲೆ ಲಿವರ್ ಬೇಕಾಗಿಲ್ಲ, ಸೂಪೂ ಬೇಕಾಗಿಲ್ಲ ಅಂತ ಅವತ್ತೇ ಗೊತ್ತಾಯ್ತು. ನಿಲ್ಲಿಸ್ಬುಟ್ರೆ..."

"ನಿಲ್ಲಿಸ್ಬುಟ್ರೆ?" ರವಿ ಡ್ರಿಪ್ಪಿನ ಕೈ ಊರಿಕೊಂಡು ಎದ್ದು ಕೂತ.

"ನಿಲ್ಲಿಸ್ಬುಟ್ರೆ ನೀವು ಮತ್ತೆ ಟಿ.ವಿ. ಮುಂದೆ ಹೋಗಿ ಮಲಗ್ಬುಡ್ತೀರ!" ಅಂತ ಅವಳು ಅತ್ತಳು. "ಎಷ್ಟು ವರ್ಷ ಆಯ್ತು ರೀ, ನೀವು ನನ್ ಅಡುಗೆಮನೇಲಿ ಕೂತು! ಬರ್ತಿದ್ರಿ, ನಿಲ್ತಿದ್ರಿ, ಕೈಲಿರೋದು ಇಳಿಸಿ ತಿರುಗೋ ಹೊತ್ಗೆ ಹೋಗ್ಬುಡ್ತಿದ್ರಿ. ಅಲ್ಲಿ ಹೋಗಿ ಗೊರಕೆ ಹೊಡೀತಿದ್ರಿ. ನಂಗೂ ಒಬ್ಳೇ ಮಾತಾಡಿ ಮಾತಾಡಿ ಸಾಕಾಗಿತ್ತು. ಫೋನಲ್ಲಿ ಇರೋರೇನು ನಮ್ಮೋರಾ?"

ರವಿ ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡಿದ. ಆಮೇಲೆ ಕಷ್ಟಪಟ್ಟು, "ಇಂಜೆಕ್ಷನ್ ತಗೊಂಡಿದ್ದಕ್ಕೆ ಬೇಜಾರಾ?" ಅಂತ ಕೇಳಿದ.

"ತಗೊಂಡಿದ್ದಕ್ಕಲ್ಲ. ನಂಗೆ ಹೇಳ್ದೆ ಅಮರೇಶಣ್ಣಂಗೆ ಹೇಳಿದ್ರಲ್ಲ, ಅದಕ್ಕೆ."

ಡಾಕ್ಟರು ಗಂಟಲು ಸರಿಮಾಡಿಕೊಂಡು, ಇನ್ನು ಇಂಜೆಕ್ಷನ್ ಬಗ್ಗೆ ರಕ್ತ ಪೂರ್ತಿ ಇಳಿದ ಮೇಲೇ ಮಾತು, ಪ್ರತಿ ಪರೀಕ್ಷೆಗೂ ಹೆಂಡತಿಯನ್ನು ಕರೆದುಕೊಂಡೇ ಬರಬೇಕು, ಗೊರಕೆ ಹೊಡೆಯುವಾಗ ಉಸಿರು ನಿಲ್ಲುತ್ತದೆಯಾ ಅಂತ ಅವರೇ ನೋಡಿ ಹೇಳಬೇಕು, ರಕ್ತ ಗಟ್ಟಿಯಾಗೋಕೆ ಅದೂ ಕಾರಣ ಇರಬಹುದು ಅಂತ ಹೇಳಿದರು. "ಸದ್ಯಕ್ಕೆ ಸೂಪು, ಟಾನಿಕ್ಕು ಎಲ್ಲ ಬಂದ್. ನೀರು ಚೆನ್ನಾಗಿ ಕುಡೀಲಿ," ಅಂತ ಹೇಳಿ ಬೇರೆ ರೋಗಿಯ ಕಡೆ ಹೋದರು. ಹೋಗುವಾಗ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ನಾನೂ ಹೊರಡಬೇಕಿತ್ತು. ಹೊರಗೆ ಆಗಲೇ ನಮ್ಮಮ್ಮ ಬೀಟ್‌ರೂಟ್ ಹಿಡಿದು, ಸದಾಶಿವಯ್ಯನವರು ರಕ್ತ ಕೊಡಲು ಸಿದ್ಧವಿರುವ ಹತ್ತು ಜನರನ್ನು ಹಿಡಿದು ಬಂದಿದ್ದಾರೆ ಅಂತ ಫೋನು ಬಂದಿತ್ತು. ಅವರನ್ನೆಲ್ಲ ವಾಪಸ್ ಕಳಿಸಬೇಕಿತ್ತು. ಬಾಗಿಲ ಹತ್ತಿರ ಹೋಗಿ, ಮನಸ್ಸು ಕೇಳದೆ ಒಮ್ಮೆ ಹಿಂದಿರುಗಿ ನೋಡಿದೆ.

ಚಾಮುಂಡೇಶ್ವರಿ ಕಣ್ಣೊರೆಸಿಕೊಂಡು ಆಸ್ಪತ್ರೆಯ ಸ್ಟೀಲ್ ಲೋಟಕ್ಕೆ ನೀರು ಬಗ್ಗಿಸಿ ಅವನ ಮುಂದೆ ಹಿಡಿದಿದ್ದಳು.

"ಇನ್ಮೇಲೆ ಮನೇಲಿ ಇಷ್ಟೇ ರೀ ಕೊಡೋದು. ಬರೀ ನೀರು. ಇದಕ್ಕೂ ಬಂದು ಕೂತ್ಕೊತೀರಾ?"

ರವಿ ಲೋಟ ತೆಗೆದುಕೊಂಡ. ಮಂಚದಲ್ಲಿ ಒಂಚೂರು ಪಕ್ಕಕ್ಕೆ ಸರಿದು ಅವಳಿಗೂ ಜಾಗ ಮಾಡಿದ. ಅವಳು ಕೂತ ಮೇಲೆ, ಬೇಗ ಮುಗಿದುಹೋಗದ ಹಾಗೆ, ಗುಟುಕು ಗುಟುಕಾಗಿ ಕುಡಿಯತೊಡಗಿದ.